ಹಳೇ ಸ್ಯಾಟರ್ನ್ ಎಸ್‌ಎಲ್2 ಕಾರು ತಗೋಬಹುದಾ? ಇದರ ಕಾಮನ್ ಪ್ರಾಬ್ಲಮ್‌ಗಳೇನು?

ಓಹಾಯೋದಲ್ಲಿ ಸ್ಟೂಡೆಂಟು, ಮೊದಲನೇ ಕಾರು, 2001ರ ಎಸ್‌ಎಲ್2 ಆಟೋಮ್ಯಾಟಿಕ್ಕು, ಮಾರೋರು "ಸ್ವಲ್ಪ ಆಯಿಲ್ ಕುಡಿಯುತ್ತೆ ಅಷ್ಟೇ" ಅಂದಿದಾರೆ. ಮಾರಾಯ್ರೇ, ನಿಮ್ ಪ್ರಶ್ನೆ ಓದಿದ್ರೆ 2007ನೇ ಇಸವಿಯ ನಾನೇ ಎದುರಿಗೆ ಕೂತು ಕೇಳ್ದಂಗಾಯ್ತು. ಪ್ರಾಬ್ಲಮ್ ಲಿಸ್ಟ್ ಕೇಳಿದೀರಿ, ಕೊಡ್ತೀನಿ, ಆದ್ರೆ ನನ್ನ ಕಾರು ಸತ್ತಿದ್ದೇ ಅಂಥ ಒಂದು ಲಿಸ್ಟಿನಿಂದ, ಮೊದಲು ಅದನ್ನ ಕೇಳಿಬಿಡಿ.

ನಾನು ಸಾಗರದೋನು. ಓಹಾಯೋದ ಆಕ್ರನ್‌ನಲ್ಲಿ ಎಂ.ಎಸ್. ಮಾಡ್ತಿದ್ದೆ, ಅದೂ ಮೆಕ್ಯಾನಿಕಲ್ಲಲ್ಲಿ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ನಗೋಕೆ ಬೇಕಾಗುತ್ತೆ. ಬಸ್ಸು ಗಂಟೆಗೊಂದು, ಚಳಿಗಾಲದಲ್ಲಿ ಸ್ಟಾಪಲ್ಲಿ ನಿಂತ್ರೆ ಕಿವಿ ಇದೆಯೋ ಇಲ್ವೋ ಅಂತ ಮುಟ್ಟಿ ನೋಡ್ಕೋಬೇಕು. ಒಬ್ರು ರಿಟೈರ್ಡ್ ಟೀಚರಮ್ಮ 1999ರ ಎಸ್‌ಎಲ್2 ಮಾರ್ತಿದ್ರು, 1,18,000 ಮೈಲಿ ಓಡಿತ್ತು, 1,900 ಡಾಲರ್ ಕೊಟ್ಟು ತಗೊಂಡೆ. ಕಾರಿನ ಜೊತೆ ಒಂದು ಪುಟ್ಟ ನೋಟ್‌ಬುಕ್ ಕೊಟ್ರು, ನಮ್ಮೂರಲ್ಲಿ ಹಾಲಿನ ಲೆಕ್ಕ ಬರೆದಿಡ್ತಾರಲ್ಲ ಹಂಗೇ, ಯಾವತ್ತು ಗ್ಯಾಸ್ (ಅಲ್ಲಿ ಪೆಟ್ರೋಲಿಗೆ ಹಂಗಂತಾರೆ) ಹಾಕಿಸಿದ್ದು, ಯಾವತ್ತು ಎಷ್ಟು ಆಯಿಲ್ ಸೇರಿಸಿದ್ದು ಎಲ್ಲಾ ಚೆಂದ ಬರೆದಿದ್ರು. ಹೆಚ್ಚು ಕಮ್ಮಿ 1,000 ಮೈಲಿಗೆ ಒಂದು ಕ್ವಾರ್ಟು, ಅಂದ್ರೆ ಲೀಟರಿಗಿಂತ ಚೂರು ಕಮ್ಮಿ. ಡಿಕ್ಕಿಯಲ್ಲಿ ಎರಡು ಕ್ವಾರ್ಟ್ ಡಬ್ಬಿ ಇಟ್ಟು, "ಎರಡು ಸಲ ಗ್ಯಾಸ್ ಹಾಕಿಸಿದ್ರೆ ಒಂದು ಸಲ ಡಿಪ್‌ಸ್ಟಿಕ್ ಎಳೆದು ನೋಡು ಮಗಾ" ಅಂತ ಹೇಳಿದ್ರು, ಡಿಪ್‌ಸ್ಟಿಕ್ ಅಂದ್ರೆ ಎಣ್ಣೆ ಎಷ್ಟಿದೆ ಅಂತ ನೋಡೋ ಕಡ್ಡಿ. ಹ್ಞೂಂ ಅಂದೆ.

ಆ ಕಾರಿನ ಮೇಲೆ ನಂಗೆ ಯಾಕೆ ಅಷ್ಟು ಮನಸ್ಸಾಯ್ತು ಅಂದ್ರೆ ಅದರ ಹಿಂದಿನ ಕಥೆ. ಜಪಾನಿನ ಸಣ್ಣ ಕಾರುಗಳು ಅಮೆರಿಕದಲ್ಲಿ ಮಾರ್ಕೆಟ್ ನುಂಗ್ತಾ ಇದ್ದಾಗ ಜಿಎಂ (ಜನರಲ್ ಮೋಟಾರ್ಸ್) 1985ರಲ್ಲಿ ಸ್ಯಾಟರ್ನ್ ಅಂತ ಬೇರೇನೇ ಕಂಪನಿ ಮಾಡ್ತು, ಹೊಸ ಫ್ಯಾಕ್ಟರಿ ಟೆನೆಸಿಯ ಸ್ಪ್ರಿಂಗ್ ಹಿಲ್‌ನಲ್ಲಿ, ಯೂನಿಯನ್ ಜೊತೆ ಹೊಸ ಥರದ ಒಪ್ಪಂದ, ಎಂಜಿನ್ನೂ ಗೇರ್‌ಬಾಕ್ಸೂ ಎಲ್ಲಾ ತನ್ನದೇ. 1990ರ ಜುಲೈ 30ಕ್ಕೆ ಮೊದಲ ಕಾರು ಹೊರಗೆ ಬಂತು, ಜಿಎಂ ಚೇರ್ಮನ್ ರೋಜರ್ ಸ್ಮಿತ್ ಅವರೇ ಓಡಿಸಿದ್ರು, ಪಕ್ಕದಲ್ಲಿ ಯೂನಿಯನ್ ಅಧ್ಯಕ್ಷ ಓವೆನ್ ಬೀಬರ್. ಡೀಲರ್ ಹತ್ರ ಚೌಕಾಸಿ ಇಲ್ಲ, ಬೋರ್ಡಲ್ಲಿ ಬರೆದಿದ್ದೇ ರೇಟು. ಡೋರು, ಫೆಂಡರು ಎಲ್ಲಾ ಪ್ಲಾಸ್ಟಿಕ್ಕು, ಗುದ್ದಿದ್ರೆ ಒಳಗೆ ಹೋಗಿ ವಾಪಸ್ ಬರುತ್ತೆ. 1994ರಲ್ಲಿ ಕಾರಿನ ಓನರ್‌ಗಳನ್ನೆಲ್ಲ ಫ್ಯಾಕ್ಟರಿಗೇ ಊಟಕ್ಕೆ ಕರೆದಂಗೆ ಕರೆದ್ರು, ಸಾವಿರಗಟ್ಲೆ ಜನ ತಮ್ ತಮ್ ಕಾರು ಓಡಿಸ್ಕೊಂಡು ಹೋದ್ರು, ನಮ್ ಕಡೆ ಜಾತ್ರೆಗೆ ಗಾಡಿ ಕಟ್ಕೊಂಡು ಹೋಗ್ತಿದ್ರಲ್ಲ ಹಂಗೆ. ಕಾರಿಗೆ ಜಾತ್ರೆ ಅಂದ್ರೆ ಯಾರಿಗೆ ಇಷ್ಟ ಆಗಲ್ಲ ಹೇಳಿ. ಈ ಎಸ್‌ಎಲ್2 ಸೇರಿದ್ದ ಎಸ್ ಸೀರೀಸ್ 2002ಕ್ಕೆ ನಿಂತು ಹೋಯ್ತು, 2009ರಲ್ಲಿ ಜಿಎಂ ದಿವಾಳಿ ಕೋರ್ಟಿಗೆ ಹೋದಾಗ ಸ್ಯಾಟರ್ನನ್ನ ಪೆನ್ಸ್ಕೆ ಅನ್ನೋ ಕಾರ್ ಡೀಲರ್ ಗ್ರೂಪಿಗೆ ಮಾರೋ ಮಾತಾಗಿತ್ತು, ಅದೂ ಮುರಿದು ಬಿದ್ದು 2010ಕ್ಕೆ ಬ್ರ್ಯಾಂಡೇ ಮುಚ್ಚಿತು. ನಾನು ತಗೊಂಡಾಗ ಇದೇನೂ ಗೊತ್ತಿರಲಿಲ್ಲ ಬಿಡಿ, ಕಂಪನಿ ಇನ್ನೂ ಜೀವಂತ ಇತ್ತು.

ಈಗ ನನ್ನ ಘನಂದಾರಿ ಕೆಲಸಕ್ಕೆ ಬರ್ತೀನಿ. ಕಾರು ಬಂದ ಮೇಲೆ ನಾನೂ ನಿಮ್ ಹಂಗೇ ಕಾಮನ್ ಪ್ರಾಬ್ಲಮ್ಸ್ ಅಂತ ಹುಡುಕಿ ಹುಡುಕಿ ಓದಿದೆ. ಆಯಿಲ್ ಕುಡಿಯೋದು, ಯಾಕಂದ್ರೆ ಈ 1.9 ಲೀಟರ್ ಎಂಜಿನ್ನಿನ ಪಿಸ್ಟನ್ನಲ್ಲಿ ಆಯಿಲ್ ರಿಂಗ್ ಹಿಂದೆ ಎಣ್ಣೆ ವಾಪಸ್ ಇಳಿಯೋಕೆ ಸರಿಯಾದ ದಾರಿ ಇಲ್ಲ, ಅಲ್ಲೇ ನಿಂತು ಕರಕಲಾಗಿ ರಿಂಗ್ ಅಂಟ್ಕೊಳ್ಳುತ್ತೆ, ಆಮೇಲೆ ಎಣ್ಣೆ ಮೇಲೆ ಹೋಗಿ ಉರಿಯುತ್ತೆ. ಆಟೋಮ್ಯಾಟಿಕ್ಕಲ್ಲಿ ರಿವರ್ಸ್ ಹಾಕಿದ್ರೆ ತಡವಾಗಿ ಧಡ್ ಅಂತ ಬೀಳೋದು, ಅದು ಗೇರ್‌ಬಾಕ್ಸಿನ ವಾಲ್ವ್ ಬಾಡಿ (ಎಣ್ಣೆ ಪ್ರೆಷರ್ ಹಂಚೋ ಭಾಗ) ಸವೆತ. ಎಲ್ಲಾ ಬಾಯಿಪಾಠ. 2008ರ ಮಾರ್ಚಲ್ಲಿ ಕೊಲಂಬಸ್‌ನಲ್ಲಿ ಒಂದು ಇಂಟರ್ನ್‌ಶಿಪ್ ಇಂಟರ್‌ವ್ಯೂ ಬಂತು, ಸೋಮವಾರ ಬೆಳಗ್ಗೆ 9ಕ್ಕೆ. ದೂರದ ದಾರಿ ಅಲ್ವಾ, ಶನಿವಾರ ನಾನೇ ಆಯಿಲ್ ಚೇಂಜ್ ಮಾಡೋಣ ಅಂತ ಹೊರಟೆ, ಅಂಗಡಿಯವರಿಗೆ ಯಾಕೆ 30 ಡಾಲರ್ ಕೊಡಬೇಕು, ಮೆಕ್ಯಾನಿಕಲ್ ಓದಿದೀನಲ್ಲ.

ನಮ್ ಸೀನಿಯರ್ ಒಬ್ರ ಮನೆ ಡ್ರೈವ್‌ವೇನಲ್ಲಿ ಕಾರು ರ‍್ಯಾಂಪ್ ಮೇಲೆ ಹತ್ತಿಸಿ ಕೆಳಗೆ ನುಗ್ಗಿದೆ. ಟಾರ್ಚ್ ಹಿಡಿಯೋಕೆ ರೂಮ್‌ಮೇಟ್, ಹುಬ್ಬಳ್ಳಿಯೋನು, ಕಂಪ್ಯೂಟರ್ ಸೈನ್ಸು. ನಾನು ನುಗ್ಗಿದ್ದು ಡ್ರೈವರ್ ಸೈಡಿಂದ. ಈ ಕಾರಲ್ಲಿ ಎಂಜಿನ್ ಅಡ್ಡಕ್ಕೆ ಕೂತಿದೆ, ಪ್ಯಾಸೆಂಜರ್ ಕಡೆ ಎಂಜಿನ್, ಡ್ರೈವರ್ ಕಡೆ ಗೇರ್‌ಬಾಕ್ಸು. ಎರಡಕ್ಕೂ ಕೆಳಗೆ ಒಂದೊಂದು ಡ್ರೈನ್ ಬೋಲ್ಟು. ಅಷ್ಟೇ ಅಲ್ಲ, ಇದರ ಗೇರ್‌ಬಾಕ್ಸಿಗೂ ಎಂಜಿನ್ನಿನ ಥರಾನೇ ತಿರುಗಿಸಿ ಕೂರಿಸೋ ಡಬ್ಬಿ ಫಿಲ್ಟರ್ ಇದೆ, ನೋಡೋಕೆ ಆಯಿಲ್ ಫಿಲ್ಟರ್ರೇ. ನಾನು ಕಣ್ಣಿಗೆ ಬಿದ್ದ ಫಿಲ್ಟರ್ ನೋಡಿ "ಹಾಂ, ಇದೇ ಎಂಜಿನ್ನು" ಅಂತ ಡಿಸೈಡ್ ಮಾಡಿ ಅದರ ಕೆಳಗಿನ ಬೋಲ್ಟ್ ಬಿಚ್ಚಿದೆ. ಫಿಲ್ಟರ್ ಗಟ್ಟಿ ಕೂತಿತ್ತು, ತಿರುಗಲಿಲ್ಲ, ಹಾಳಾಗಿ ಹೋಗ್ಲಿ ಮುಂದಿನ ಸಲ ನೋಡೋಣ ಅಂತ ಬಿಟ್ಟೆ.

ಗೊತ್ತಾಯ್ತಲ್ಲ? ಎಂಜಿನ್ ಆಯಿಲ್ ಅಂದ್ಕೊಂಡು ಗೇರ್‌ಬಾಕ್ಸಿನ ಆಯಿಲ್ ಇಳಿಸಿದೆ, ಇಳಿಸಿ ಬೋಲ್ಟ್ ಬಿಗಿದು, ಮೇಲೆ ಬಂದು ಎಂಜಿನ್ನಿಗೆ ನಾಲ್ಕು ಕ್ವಾರ್ಟ್ ಹೊಸ ಆಯಿಲ್ ಸುರಿದೆ.

ಈಗ ನೀವು ಅಂತೀರಿ, ಬಣ್ಣ ಗೊತ್ತಾಗಲಿಲ್ವಾ, ಗೇರ್‌ಬಾಕ್ಸ್ ಆಯಿಲ್ ಕೆಂಪಲ್ವಾ ಅಂತ. ಹೊಸದು ಕೆಂಪು. ಹಳೇದು ಕಷಾಯದ ಬಣ್ಣ, ಸಂಜೆ ಬೇರೆ, ಒಂದು ಟಾರ್ಚು. ಆದ್ರೆ ನಮ್ ಹುಬ್ಬಳ್ಳಿಯೋನು ಹೇಳಿದ್ದ, "ಯಾಕಲೇ, ಎಣ್ಣಿ ಭಾಳ ತೆಳ್ಳಗ ಐತಲ್ಲ, ನೀರ್ ಇದ್ದಂಗ" ಅಂತ. ನಾನು ಕೆಳಗಿಂದಾನೇ ಲೆಕ್ಚರ್ ಕೊಟ್ಟೆ, ಆಯಿಲ್ ಹಳೇದಾದ್ರೆ ವಿಸ್ಕಾಸಿಟಿ ಬೀಳುತ್ತೆ ಕಣೋ ಅಂತ. ಅವನು ಪಾಪ ಸುಮ್ನಾದ.

ಇನ್ನೊಂದು ಇದೆ, ಇದು ನಂಗೆ ಇವತ್ತಿಗೂ ಹೊಟ್ಟೆ ಉರಿಸೋದು. ಇಳಿದ ಎಣ್ಣೆನ ಖಾಲಿ ಹಾಲಿನ ಕ್ಯಾನಿಗೆ ತುಂಬಿಸಿ ಅಳೆದೆ, ಹತ್ತಿರ ಹತ್ತಿರ ನಾಲ್ಕು ಕ್ವಾರ್ಟು. ಎಂಜಿನ್ನಿಗೂ ಹಿಡಿಯೋದು ನಾಲ್ಕೇ. ನಾನು ಖುಷಿಯಾದೆ, ಲೆಕ್ಕ ತಾಳೆ ಆಯ್ತು ಅಂತ! ಅರೆ, ಈ ಕಾರು 1,000 ಮೈಲಿಗೆ ಒಂದು ಕ್ವಾರ್ಟ್ ಕುಡಿಯುತ್ತೆ ಅಂತ ಟೀಚರಮ್ಮ ಕೈಯಾರೆ ಬರೆದು ಕೊಟ್ಟಿದಾರೆ, ನಾನು ಎರಡು ತಿಂಗಳಿಂದ ಒಂದು ಹನಿ ಸೇರಿಸಿಲ್ಲ, ಹಂಗಿದ್ದ ಮೇಲೆ ಇಳಿಯಬೇಕಾಗಿದ್ದು ಮೂರೋ ಎರಡೂವರೆಯೋ ತಾನೇ, ನಾಲ್ಕು ಎಲ್ಲಿಂದ ಬಂತು? ಲೆಕ್ಕ ತಾಳೆ ಆಗಿದ್ದೇ ತಪ್ಪಾಗಿದೆ ಅನ್ನೋಕೆ ಸಾಕ್ಷಿ. ಅದೂ ಹೊಳೀಲಿಲ್ಲ. ಆಯಿಲ್ ಹಾಕಿದ ಮೇಲೆ ಡಿಪ್‌ಸ್ಟಿಕ್ ಎಳೀಲಿಲ್ಲ, ಯಾಕೆ, ನಾಲ್ಕು ತೆಗೆದೆ ನಾಲ್ಕು ಹಾಕಿದೆ, ನೋಡೋದೇನು. ಒಂದೇ ಒಂದು ಸಲ ಆ ಕಡ್ಡಿ ಎಳೆದಿದ್ರೆ ಎಣ್ಣೆ ಗುರುತು ದಾಟಿ ಎಲ್ಲೋ ಮೇಲೆ ನಿಂತಿರೋದು ಕಾಣ್ತಿತ್ತು, ಹತ್ತು ಸೆಕೆಂಡಿನ ಕೆಲಸ, ಕೆಳಗೆ ಹೋಗಿ ಸರಿಯಾದ ಬೋಲ್ಟ್ ಬಿಚ್ಚಿ, ಅಂಗಡಿಯಿಂದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ (ಎಟಿಎಫ್) ತಂದು ಹಾಕಿದ್ರೆ ಮುಗೀತಿತ್ತು.

ಭಾನುವಾರ ಅಕ್ಕಿ ತರೋಕೆ ಹೋದ್ವಿ. ರಿವರ್ಸ್ ಹಾಕಿದೆ, ಎರಡು ಸೆಕೆಂಡ್ ಏನೂ ಇಲ್ಲ, ಆಮೇಲೆ ಧಡಾರ್. ರೂಮ್‌ಮೇಟ್ ಬೆಚ್ಚಿಬಿದ್ದ. ನಾನು "ಸ್ಯಾಟರ್ನಲ್ಲಿ ಅದು ಕಾಮನ್ನು" ಅಂದೆ. ಹಿಂದೆ ನೋಡಿದ್ರೆ ನೀಲಿ ಹೊಗೆ. "ಅದೂ ಕಾಮನ್ನು, ಆಯಿಲ್ ಕುಡಿಯುತ್ತೆ" ಅಂದೆ. ನಿಜವಾಗಿ ಆಗ್ತಿದ್ದಿದ್ದು ಏನು, ಎಂಜಿನ್ನಲ್ಲಿ ಹೆಚ್ಚೂಕಮ್ಮಿ ಏಳು ಕ್ವಾರ್ಟ್ ತುಂಬಿದೆ, ಕ್ರ್ಯಾಂಕ್ ಶಾಫ್ಟ್ ಅದನ್ನ ಮಜ್ಜಿಗೆ ಕಡೆದಂಗೆ ಕಡೆದು ನೊರೆ ಎಬ್ಬಿಸ್ತಿದೆ, ಎಣ್ಣೆ ಗಾಳಿ ಹೋಗೋ ಪೈಪಿನಿಂದ ಇನ್‌ಟೇಕಿಗೆ ಹೋಗಿ ಉರೀತಿದೆ. ಆ ಕಡೆ ಗೇರ್‌ಬಾಕ್ಸಲ್ಲಿ ಪ್ರೆಷರ್ ಕಟ್ಟೋಕೆ ಸಾಕಷ್ಟು ಎಣ್ಣೆ ಇಲ್ಲ. ಎರಡು ಕಡೆಯಿಂದ ಕಾರು ಬಾಯ್ ಬಾಯ್ ಬಡ್ಕೊಳ್ತಿದೆ, ನಾನು ಎರಡಕ್ಕೂ ಲಿಸ್ಟಲ್ಲಿ ಟಿಕ್ ಹಾಕ್ಕೊಂಡು ಕೂತಿದೀನಿ. ಲಿಸ್ಟ್ ಓದದೇ ಇರೋ ಯಾವನೇ ಆಗಿದ್ರೂ ನಿನ್ನೆ ತನಕ ಇಲ್ಲದ ಸದ್ದು ಇವತ್ತು ಯಾಕೆ ಬಂತು ಅಂತ ಹೆದರ್ತಿದ್ದ.

ಸೋಮವಾರ ಬೆಳಗ್ಗೆ 5:30ಕ್ಕೆ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೊರಟೆ. ಐ-71 ಹಿಡಿದು ಆ್ಯಶ್‌ಲ್ಯಾಂಡ್ ಎಕ್ಸಿಟ್ ಹತ್ರ ಬರ್ತಿದ್ದಂಗೆ ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಕಿರುಚುತ್ತೆ, ಸ್ಪೀಡ್ ಮಾತ್ರ ಇಳೀತಾ ಇದೆ. 60, 50, 35. ಸುಟ್ಟ ವಾಸನೆ. ಪಕ್ಕಕ್ಕೆ ತಗೊಂಡೆ, ಮತ್ತೆ ಯಾವ ಗೇರೂ ಬೀಳಲಿಲ್ಲ. ಇಂಟರ್‌ವ್ಯೂನವರಿಗೆ ಫೋನ್ ಮಾಡಿದ್ರೆ, ಪರವಾಗಿಲ್ಲ ಇನ್ನೊಂದು ದಿನ ಕರೀತೀವಿ ಅಂದ್ರು. ಕರೀಲಿಲ್ಲ.

ಟೋ ಮಾಡಿಸಿ ಅಲ್ಲೇ ಒಂದು ಗ್ಯಾರೇಜಿಗೆ ಹಾಕಿದೆ. ವಯಸ್ಸಾದ ಮೆಕ್ಯಾನಿಕ್ಕು. ಬಾನೆಟ್ ಎತ್ತಿ ಎಂಜಿನ್ ಡಿಪ್‌ಸ್ಟಿಕ್ ಎಳೆದ್ರು, ನೋಡಿದ್ರು, ನನ್ ಮುಖ ನೋಡಿದ್ರು. ಆಮೇಲೆ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದ್ರು, ಒಣ. "ಆಯಿಲ್ ಚೇಂಜ್ ನೀನೇ ಮಾಡಿದ್ಯಾ?" ಅಂತ ಕೇಳಿದ್ರು ಅಷ್ಟೇ. ಈ ಕಾರಲ್ಲಿ ಇದು ಹೊಸದಲ್ವಂತೆ, ಆಯಿಲ್ ಚೇಂಜನ್ನೇ ಕಸುಬು ಮಾಡ್ಕೊಂಡಿರೋರೂ ಹಿಂಗೆ ಎಡವಿದಾರೆ ಅಂತ ಸಮಾಧಾನ ಮಾಡಿದ್ರು. ಹಳೇ ಗೇರ್‌ಬಾಕ್ಸ್ ಹುಡುಕಿ ಕೂರಿಸೋಕೆ 1,100 ಡಾಲರ್ ಅಂದ್ರು. ನನ್ ಹತ್ರ ಎಲ್ಲಿತ್ತು. ಗುಜರಿಯೋನು 200 ಕೊಟ್ಟು ತಗೊಂಡು ಹೋದ. ಎಂಜಿನ್ ಇನ್ನೂ ಚೆನ್ನಾಗೇ ಓಡ್ತಿತ್ತು, ಅದು ಇನ್ನೊಂದು ಸಂಕಟ. ಟೀಚರಮ್ಮನಿಗೆ ಹೇಳೋ ಧೈರ್ಯ ಬರಲಿಲ್ಲ.

ಸರಿ, ನಿಮ್ ವಿಷ್ಯ. ಸಾಲ ಮಾಡಿ ಟೊಯೋಟಾ ಕೊರೊಲ್ಲಾ ತಗೊಳ್ಳಲಾ ಅಥವಾ ಈ ಸ್ಯಾಟರ್ನಾ ಅಂತ ಕೇಳಿದೀರಿ. ನನ್ ಪ್ರಕಾರ ಆ ಪ್ರಶ್ನೆನೇ ಸರಿ ಇಲ್ಲ, 20 ವರ್ಷ ದಾಟಿದ ಕಾರಿಗೆ ಮಾಡೆಲ್ ಹೆಸರು ನೋಡಿ ಏನೂ ಹೇಳೋಕಾಗಲ್ಲ, ಇಷ್ಟು ದಿನ ಯಾರು ಇಟ್ಕೊಂಡಿದ್ರು ಅನ್ನೋದನ್ನ ನೋಡಬೇಕು. ಮಾರೋರನ್ನ "ಕೊನೇ ಸಲ ಯಾವಾಗ, ಎಷ್ಟು ಆಯಿಲ್ ಸೇರಿಸಿದ್ರಿ" ಅಂತ ಕೇಳಿ. ತಟ್ಟಂತ ಉತ್ತರ ಬಂದ್ರೆ ಮುಂದಿನ ಮಾತು, ತಲೆ ಕೆರ್ಕೊಂಡ್ರೆ ಅಲ್ಲಿಂದಾನೇ ವಾಪಸ್ ಬನ್ನಿ. ಆಯಿಲ್ ಕುಡಿಯೋದು ಅಂಥ ದೊಡ್ಡ ರೋಗ ಅಲ್ಲ, ಕುಡಿದಷ್ಟು ಹಾಕ್ತಾ ಇದ್ರೆ ಈ ಎಂಜಿನ್ ಎರಡು ಲಕ್ಷ ಮೈಲಿ ದಾಟಿಸುತ್ತೆ, ಟೈಮಿಂಗ್ ಬೆಲ್ಟಿನ ಕಾಟವೂ ಇಲ್ಲ, ಚೈನು. ಹಾಕೋದು ಮರೆತೋರ ಎಂಜಿನ್ನೇ ಸಾಯೋದು.

ಆಟೋಮ್ಯಾಟಿಕ್ ಮಾತ್ರ ನಂಗೆ ಬೇಡವೇ ಬೇಡ ಅನ್ಸುತ್ತೆ, ಇದರಲ್ಲಿ ನಾನು ಪಕ್ಷಪಾತಿ, ಒಪ್ಕೋತೀನಿ. ಮ್ಯಾನ್ಯುಯಲ್ ಗಟ್ಟಿ ಅಂತಾರೆ, ಆದ್ರೆ ಅದರಲ್ಲೂ ಡಿಫರೆನ್ಶಿಯಲ್ (ಎರಡು ಚಕ್ರಕ್ಕೂ ಶಕ್ತಿ ಹಂಚೋ ಗೇರು) ಪಿನ್ ಮುರಿದು ಗೇರ್‌ಬಾಕ್ಸಿನ ಗೋಡೆಯನ್ನೇ ಒಡೆಯೋ ಕಥೆ ಇದೆ, ಮಂಜಲ್ಲಿ ಒಂದೇ ಚಕ್ರ ಗಿರ್ ಅಂತ ತಿರುಗಿಸಿದ್ರೆ ಹಂಗಾಗುತ್ತೆ. ಎಂಜಿನ್ ಹೆಡ್ ಕ್ರ್ಯಾಕ್ ಆಗಿ ಕೂಲೆಂಟಲ್ಲಿ ಆಯಿಲ್ ಸೇರುತ್ತೆ ಅಂತ ಓದಿ ಹೆದರಿದೀರಲ್ಲ, ಅದು ಸಿಂಗಲ್ ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್ ಒಂದೇ) ಇರೋ ಎಸ್‌ಎಲ್1ರ ರೋಗ, ಎಸ್‌ಎಲ್2 ಟ್ವಿನ್ ಕ್ಯಾಮು, ಅಂದ್ರೆ ಎರಡು ಶಾಫ್ಟು, ಬಿಟ್ಟುಬಿಡಿ. ಕೂಲೆಂಟ್ ಟೆಂಪರೇಚರ್ ಸೆನ್ಸರ್ ತುದಿ ಪ್ಲಾಸ್ಟಿಕ್ ಇದ್ದು ಬಿರುಕು ಬಿಡುತ್ತೆ, ಸ್ಟಾರ್ಟಿಂಗ್ ತೊಂದ್ರೆ, ಮೈಲೇಜ್ ಬೀಳೋದು, ಫ್ಯಾನ್ ತಿರುಗದೇ ಇರೋದು ಎಲ್ಲಾ ಅದರಿಂದ. ಹಿತ್ತಾಳೆ ತುದಿಯದ್ದು ಸಿಗುತ್ತೆ, ಅಗ್ಗ, ತಗೊಂಡ ವಾರವೇ ಹಾಕಿ. ಸಿಗ್ನಲ್ಲಲ್ಲಿ ನಿಂತಾಗ ಸ್ಟೀರಿಂಗ್ ಗಡಗಡ ಅಂದ್ರೆ ಎಂಜಿನ್ನಿನ ಮೇಲಿನ ಮೌಂಟ್ ನೋಡಿಸಿ. ಬಾಡಿ ಪ್ಲಾಸ್ಟಿಕ್ಕು, ತುಕ್ಕು ಹಿಡಿಯಲ್ಲ ಅಂತ ಮೋಸ ಹೋಗಬೇಡಿ, ಹೊರಗಿನ ಡೋರು ಫೆಂಡರಿಗಷ್ಟೇ ಆ ಭಾಗ್ಯ, ಅದರ ಕೆಳಗಿನ ಕಬ್ಬಿಣ, ಬ್ರೇಕ್ ಪೈಪ್ ಎಲ್ಲಾ ಓಹಾಯೋದ ರೋಡ್ ಉಪ್ಪು ತಿಂದೇ ಬೆಳೆದಿರೋದು. ಮೇಲಿಂದ ಮದುಮಗನ ಹಂಗೆ ಕಾಣುತ್ತೆ, ಬಗ್ಗಿ ಕೆಳಗೆ ನೋಡಿ. ಪ್ಯಾನೆಲ್ ಮಧ್ಯೆ ಸಂದಿ ಅಗಲ ಇದ್ರೆ ಆಕ್ಸಿಡೆಂಟ್ ಆಗಿದೆ ಅಂದ್ಕೋಬೇಡಿ, ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತೆ ಅಂತ ಬೇಕಂತಲೇ ಬಿಟ್ಟಿರೋದು.

ಕೊರೊಲ್ಲಾ ಬಗ್ಗೆ ಬೇರೆಯವರು ಬರೀತಾರೆ, ಎಲ್ಲರೂ ಅದನ್ನೇ ತಾನೇ ಬರೆಯೋದು.

ಕಾರು ನೋಡೋಕೆ ಹೋಗ್ತೀರಲ್ಲ, ಒಂದಿಷ್ಟು ಟಿಶ್ಯೂ ಪೇಪರ್ ತಗೊಂಡು ಹೋಗಿ. ಇದರಲ್ಲಿ ಡಿಪ್‌ಸ್ಟಿಕ್ ಎರಡಿವೆ. ಎರಡನ್ನೂ ಎಳೆದು, ಒರೆಸಿ, ಮತ್ತೆ ಹಾಕಿ ಎಳೆದು, ಫೋಟೋ ತೆಗೆದು ಇಲ್ಲಿ ಕೆಳಗೆ ಹಾಕಿ. ಯಾವುದು ಎಂಜಿನ್ನಿಂದು, ಯಾವುದು ಗೇರ್‌ಬಾಕ್ಸಿಂದು ಅಂತ ನಾನು ಹೇಳ್ತೀನಿ, ಈಗ ಗೊತ್ತಾಗುತ್ತೆ ನಂಗೆ.