ನೀರು ಸಿಗದ ಆ ಮೊದಲ ಸುರಂಗ

ಬಾಯಾರಿನ ಗೆಳೆಯರೇ,

ನಿಮ್ಮ 'ಸೋಲೇ ಗೆಲುವಿನ ಮೆಟ್ಟಿಲು' ಲೇಖನ ತಲುಪಿತು. ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಮುಂದಿನದನ್ನು ನೀವು ಸಮಾಧಾನದಿಂದ ಓದಬೇಕು ಅಂತ.

ಜೊತೆಗಿಟ್ಟ ಚೀಟಿಯಲ್ಲಿ ಹೀಗೆ ಬರೆದಿದ್ದೀರಿ: 'ಇದು ನನ್ನ ಮೂರನೇ ಲೇಖನ. ಇದೂ ವಾಪಸ್ ಬಂದರೆ ಬರವಣಿಗೆ ನನಗೆ ಹೇಳಿದ್ದಲ್ಲ ಅಂದುಕೊಳ್ಳುತ್ತೇನೆ.' ಲೇಖನದಿಂದ ಜಾಸ್ತಿ ನನ್ನನ್ನು ಕಾಡಿದ್ದು ಈ ಚೀಟಿ. ಇದರಲ್ಲಿ ನನ್ನ ತಪ್ಪೂ ಇದೆ. ಹಿಂದಿನ ಎರಡು ಸಲವೂ 'ಆಯ್ಕೆಯಾಗಿಲ್ಲ' ಅಂತ ಒಂದೇ ಸಾಲು ಕಳಿಸಿದ್ದೆ. ಎಲ್ಲಿ ಎಡವಿದಿರಿ ಅಂತ ಹೇಳಲಿಲ್ಲ. ಹೇಳದೆ ತಿದ್ದಿಕೊಳ್ಳುವುದು ಹೇಗೆ, ಅಲ್ವಾ?

ಈ ಸಲ ಮೂರು ಲೇಖನಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೂರರಲ್ಲೂ ಮೊದಲ ಪುಟ ದೊಡ್ಡವರ ಹೆಸರುಗಳಿಗೇ ಹೋಗಿದೆ. ಒಂದರಲ್ಲಿ ಎಡಿಸನ್, ಇನ್ನೊಂದರಲ್ಲಿ ಲಿಂಕನ್, ಈಗ ಕಲಾಂ. ಹೆಸರು ಬದಲಾಗಿದೆ, ಬರೆಯುವ ಕ್ರಮ ಬದಲಾಗಿಲ್ಲ. ಈ ಕತೆಗಳನ್ನು ನಮ್ಮ ಓದುಗರು ಶಾಲೆಯ ಭಾಷಣಗಳಲ್ಲೇ ಕೇಳಿದ್ದಾರೆ.

ಇನ್ನೊಂದು ತಿದ್ದುಪಡಿ. 'ಪ್ರಯತ್ನಪಟ್ಟರೆ ಯಾವುದೂ ಅಸಾಧ್ಯವಲ್ಲ ಎಂದು ಕ್ಯಾರಲ್ ಡ್ವೆಕ್ ತೋರಿಸಿದ್ದಾರೆ' ಅಂತ ಬರೆದಿದ್ದೀರಿ. ಅಮೆರಿಕದ ಆ ಮನಶ್ಶಾಸ್ತ್ರಜ್ಞೆ ಹಾಗೆ ಹೇಳಿಲ್ಲ. ಸಾಮರ್ಥ್ಯ ಹುಟ್ಟಿನಿಂದ ಬಂದಷ್ಟೇ ಅಲ್ಲ, ಬೆಳೆಸಬಹುದು ಅಂತ ನಂಬಿದವರು ಸೋಲನ್ನು ಬೇರೆ ಕಣ್ಣಿಂದ ನೋಡುತ್ತಾರೆ ಅನ್ನುವುದು ಅವರ ಮಾತು. ಬರೀ ಪ್ರಯತ್ನ ಸಾಲದು, ದಾರಿ ಬದಲಿಸಿ ನೋಡಬೇಕು, ತಿಳಿದವರನ್ನು ಕೇಳಬೇಕು ಅಂತ 2015ರಲ್ಲಿ ಅವರೇ ಬಿಡಿಸಿ ಬರೆದರು. ಅಮೆರಿಕದ ಸುಮಾರು 12,000 ಮಕ್ಕಳನ್ನು ಸೇರಿಸಿ ನಡೆಸಿದ ಅಧ್ಯಯನವೊಂದು 2019ರಲ್ಲಿ ಬಂತು. ಸಾಮರ್ಥ್ಯ ಬೆಳೆಸಬಹುದು ಅಂತ ಕಲಿಸುವ, ಒಂದು ಗಂಟೆಯೊಳಗೆ ಮುಗಿಯುವ ಆನ್‌ಲೈನ್ ಪಾಠದಿಂದ, ಓದಿನಲ್ಲಿ ಹಿಂದಿದ್ದ ಮಕ್ಕಳ ಸರಾಸರಿ ಗ್ರೇಡ್ 0.1 ಪಾಯಿಂಟ್‌ನಷ್ಟು ಏರಿತು. ಅದೂ ಎಲ್ಲ ಶಾಲೆಗಳಲ್ಲಿ ಒಂದೇ ಥರ ಅಲ್ಲ. 'ಜೀವನವೇ ಬದಲಾಗುತ್ತದೆ' ಅನ್ನುವ ನಿಮ್ಮ ಸಾಲಿಗಿಂತ ಈ 0.1ರ ಮೇಲೆ ನನಗೆ ನಂಬಿಕೆ ಜಾಸ್ತಿ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯ. ನಿಮ್ಮ ನಾಲ್ಕನೇ ಪುಟದ ಕೊನೆಯಲ್ಲಿ ಮೂರು ಸಾಲು ಇವೆ: 'ನನ್ನ ತಂದೆ ತೋಡಿಸಿದ ಮೊದಲ ಸುರಂಗದಲ್ಲಿ ನೀರು ಸಿಗಲಿಲ್ಲ. ಆದರೂ ಅವರು ಛಲ ಬಿಡಲಿಲ್ಲ. ಎರಡನೆಯದರಲ್ಲಿ ಗಂಗೆ ಒಲಿದಳು.' ಲೇಖನ ಇರುವುದು ಇಲ್ಲಿ! ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮುಂದಿನ ಸಾಲಿಗೆ ಹೋದರೆ ಮತ್ತೆ ಕಲಾಂ.

ನೀರಿಗಾಗಿ ನಮ್ಮ ಗುಡ್ಡಗಳಲ್ಲಿ ತೋಡುವ ಸುರಂಗ ಎಂಥ ಕೆಲಸ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಬ್ಬ ಮನುಷ್ಯ ನುಸುಳುವಷ್ಟು ಅಗಲ. ಮುರಕಲ್ಲನ್ನು ಪಿಕ್ಕಾಸಿಯಿಂದ ಕೊರೆಯುತ್ತಾ ಅಡ್ಡಕ್ಕೆ ಒಳಗೆ ಹೋಗಬೇಕು. ಮಣ್ಣನ್ನು ಹೊರಗೆ ಸಾಗಿಸಬೇಕು. ದೀಪ ಆರಿದರೆ ಉಸಿರಿಗೂ ಕಷ್ಟ ಅಂತ ತಿಳಿದು ಹೊರಗೆ ಬರಬೇಕು. ಇಷ್ಟೆಲ್ಲ ಆಗಿ ನೀರಿಲ್ಲ ಅಂದರೆ? ಆ ದಿನ ಸಂಜೆ ನಿಮ್ಮ ಮನೆ ಹೇಗಿತ್ತು? ಎಷ್ಟು ಕೋಲು ಉದ್ದಕ್ಕೆ ಒಳಗೆ ಹೋಗಿದ್ದರು? ಕೆಲಸದವರ ಕೂಲಿಗೆ ಏನು ಮಾಡಿದರು? ಅಮ್ಮ ಏನಂದರು? ಎರಡನೆಯದನ್ನು ತೋಡುವ ಜಾಗ ಯಾರು ತೋರಿಸಿದರು, ಏನು ಗುರುತು ನೋಡಿ? ಒಂದಕ್ಕೂ ಉತ್ತರ ಬರೆದಿಲ್ಲ. 'ಛಲ' ಅನ್ನುವ ಒಂದೇ ಪದದಲ್ಲಿ ಎಲ್ಲ ಮುಚ್ಚಿಹೋಗಿದೆ. ಛಲ ಮಾತ್ರ ಇದ್ದಿದ್ದರೆ ನಿಮ್ಮ ತಂದೆ ಆ ಒಣ ಸುರಂಗವನ್ನೇ ಇನ್ನಷ್ಟು ತೋಡಿಸುತ್ತಿದ್ದರು. ಅವರು ಜಾಗ ಬದಲಿಸಿದರು. ಮೊದಲನೆಯದರಿಂದ ಅವರಿಗೆ ಏನೋ ತಿಳಿದಿರಬೇಕು. ನನಗೆ ಬೇಕಾದ್ದು ಅದು.

ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ವಿಷಯ ನೀವೂ ಕೇಳಿರುತ್ತೀರಿ. ಹಗಲು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸ. ಅದು ಮುಗಿಸಿ ಬಂದು ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡುತ್ತಿದ್ದರು. ಒಂದಾದ ಮೇಲೊಂದು ಸುರಂಗದಲ್ಲಿ ನೀರಿಲ್ಲ. ಮತ್ತೊಂದು ಕಡೆ ತೋಡಿದರು, ಕೊನೆಗೆ ನೀರು ಬಂತು, ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ದಯವಿಟ್ಟು ಅವರನ್ನೂ ಕಲಾಂ ಜಾಗದಲ್ಲಿ ತಂದು ಕೂರಿಸಬೇಡಿ. ನನಗೆ ನಿಮ್ಮ ತಂದೆಯ ಸುರಂಗವೇ ಬೇಕು.

ಭಾಷೆಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ನಿಮ್ಮ ಕನ್ನಡ ಚೆನ್ನಾಗಿದೆ. 'ಯಶಸ್ಸಿನ ಉತ್ತುಂಗ ಶಿಖರ' ಥರದವನ್ನು ಬಿಟ್ಟು ಮನೆಯಲ್ಲಿ ಆಡುವ ಮಾತನ್ನು ಒಳಗೆ ಬಿಡಿ.

ಬರವಣಿಗೆ ನಿಮಗೆ ಹೇಳಿದ್ದೋ ಅಲ್ಲವೋ ಅನ್ನುವುದು ನನ್ನ ಮೂರು ಪತ್ರಗಳಿಂದ ತೀರ್ಮಾನವಾಗುವ ವಿಷಯ ಅಲ್ಲ. ಆ ಮೂರು ಸಾಲು ಬರೆದ ಕೈ ಇನ್ನೂ ಬರೆಯಬಲ್ಲದು ಅಂತ ನನಗೆ ಅನ್ನಿಸಿದೆ, ಇಲ್ಲದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಒಂದು ಭಾನುವಾರ ತಂದೆಯ ಜೊತೆ ಕೂತು ಕೇಳಿ. ತೋಡಿದ ಕೆಲಸದವರು ಸಿಕ್ಕಿದರೆ ಅವರನ್ನೂ ಕೇಳಿ. ನಾಲ್ಕು ಪುಟ ಸಾಕು. ಆ ಒಣ ಸುರಂಗ ಈಗಲೂ ಇದೆಯಾ? ಇದ್ದರೆ ಅದರ ಬಾಯಿ ಎಲ್ಲಿದೆ, ಈಗ ಅಲ್ಲಿ ಏನು ಬೆಳೆದಿದೆ ಅಂತ ನೋಡಿ, ಅಲ್ಲಿಂದಲೇ ಶುರು ಮಾಡಿ.

ನಿಮ್ಮ,
ಸಂಪಾದಕ, ಕಾಸರಗೋಡು