ಓದುಗರು ಕೇಳಿದ್ದು: ರಷ್ಯಾದ 12 ಇಂಚಿನ ನೌಕಾ ಫಿರಂಗಿ

ಪ್ರಶ್ನೆ: ಒಬುಖೋವ್ ಫಿರಂಗಿಯ ವಿವರದಲ್ಲಿ ‘305 ಮಿ.ಮೀ., 52 ಕ್ಯಾಲಿಬರ್’ ಎಂದಿರುತ್ತದೆ. ಕ್ಯಾಲಿಬರ್ ಎಂದರೆ ನಳಿಗೆಯ ಬಾಯಿಯ ಅಗಲವಲ್ಲವೇ? ಹಾಗಾದರೆ 52 ಎಲ್ಲಿಂದ ಬಂತು?

ಉತ್ತರ: ಬಾಯಿಯ ಅಗಲ 305 ಮಿ.ಮೀ., ಅಂದರೆ 12 ಇಂಚು. ನಳಿಗೆಯ ಉದ್ದ ಆ ಅಗಲದ 52 ಪಟ್ಟು, ಸುಮಾರು 15.85 ಮೀಟರ್. ದೊಡ್ಡ ಫಿರಂಗಿಗಳ ಉದ್ದವನ್ನು ಹೀಗೆ ಬಾಯಿಯ ಅಳತೆಯಲ್ಲೇ ಹೇಳುವುದು ವಾಡಿಕೆ. ಒಂದು ಫಿರಂಗಿಯ ತೂಕ 50 ಟನ್ ದಾಟುತ್ತದೆ.

ಪ್ರಶ್ನೆ: ಇದನ್ನು 331.7 ಕೆ.ಜಿ. ಶೆಲ್‌ಗೆಂದು ವಿನ್ಯಾಸ ಮಾಡಿ, ಕೊನೆಗೆ 470.9 ಕೆ.ಜಿ. ಶೆಲ್ ಹಾರಿಸಿದರಂತೆ. ಅದೇ ನಳಿಗೆಯಲ್ಲಿ ಅಷ್ಟು ಭಾರ ಹೇಗೆ ಸಾಧ್ಯ? ನಷ್ಟವಾಗಲಿಲ್ಲವೇ?

ಉತ್ತರ: ಈ ಫಿರಂಗಿಯನ್ನು ಅರ್ಥಮಾಡಿಕೊಳ್ಳಲು ಇದೇ ಸರಿಯಾದ ಬಾಗಿಲು.

1892ರಿಂದ ರಷ್ಯನ್ ನೌಕಾಪಡೆ ಹಗುರ ಶೆಲ್, ಹೆಚ್ಚು ವೇಗ ಎಂಬ ದಾರಿ ಹಿಡಿದಿತ್ತು. ಹತ್ತಿರದ ಕಾಳಗಕ್ಕೆ ಅದು ಸರಿಯೇ. ಶೆಲ್ ನೇರವಾಗಿ ಹೋಗುತ್ತದೆ, ಗುರಿ ಹಿಡಿಯುವುದೂ ಸುಲಭ. ಆದರೆ ದೂರ ಹೆಚ್ಚಿದಂತೆ ಹಗುರ ಶೆಲ್ ಗಾಳಿಯ ತಡೆಗೆ ಬೇಗ ಸೋಲುತ್ತದೆ. 1905ರಲ್ಲಿ ಜಪಾನಿನ ಎದುರು ರಷ್ಯಾ ಸೋತ ಸುಶಿಮಾ ನೌಕಾ ಕಾಳಗ ನಡೆದದ್ದು ಅವರು ಲೆಕ್ಕ ಹಾಕಿಕೊಂಡಿದ್ದಕ್ಕಿಂತ ಹೆಚ್ಚಿನ ದೂರದಲ್ಲಿ. ಮೇಲಾಗಿ ಆ ಶೆಲ್‌ಗಳ ಹೊಟ್ಟೆಯಲ್ಲಿದ್ದ ಸ್ಫೋಟಕವೂ ಅಲ್ಪ.

ಆದರೂ 1907ರ ಮಾದರಿಯ ಈ ಫಿರಂಗಿಯನ್ನು ಹಳೆಯ ಲೆಕ್ಕದಲ್ಲೇ ರೂಪಿಸಿದರು: 331.7 ಕೆ.ಜಿ. ಶೆಲ್, ಸೆಕೆಂಡಿಗೆ 914 ಮೀಟರ್ ವೇಗ. 1911ರ ಮಾದರಿಯ ಹೊಸ ಶೆಲ್ ಬಂದಾಗ ತೂಕ 470.9 ಕೆ.ಜಿ.ಗೆ ಏರಿತು, ವೇಗ 762 ಮೀಟರಿಗೆ ಇಳಿಯಿತು. ಎರಡರ ಚಲನ ಶಕ್ತಿಯನ್ನೂ ಲೆಕ್ಕ ಹಾಕಿ ನೋಡಿ. ಹಳೆಯದಕ್ಕೆ ಸುಮಾರು 138 ಮೆಗಾಜೂಲ್, ಹೊಸದಕ್ಕೆ ಸುಮಾರು 137. ನಳಿಗೆಯ ಬಾಯಲ್ಲಿ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಆದರೆ ಅಗಲ ಅದೇ, ತೂಕ ಶೇ. 42ರಷ್ಟು ಹೆಚ್ಚು, ಹಾಗಾಗಿ ಹೊಸ ಶೆಲ್ ದಾರಿಯಲ್ಲಿ ಕಳೆದುಕೊಳ್ಳುವ ವೇಗ ಬಹಳ ಕಡಿಮೆ. ದೂರದ ಹಡಗಿನ ಕವಚ ತಲುಪುವಾಗ ಅದರಲ್ಲಿ ಇನ್ನೂ ಕಸುವಿರುತ್ತದೆ. ಕವಚಭೇದಕ ಶೆಲ್‌ನಲ್ಲಿ ಸುಮಾರು 13 ಕೆ.ಜಿ., ಸ್ಫೋಟಕ ಶೆಲ್‌ನಲ್ಲಿ ಸುಮಾರು 59 ಕೆ.ಜಿ. ಟಿ.ಎನ್.ಟಿ. ತುಂಬಲು ಜಾಗವೂ ಸಿಕ್ಕಿತು.

ನಷ್ಟವೆಂದರೆ ಆರಂಭದ ವೇಗ ಮಾತ್ರ. ಹಡಗಿನ ಟರೆಟ್ಟು, ಅಂದರೆ ಫಿರಂಗಿಗಳನ್ನು ಹೊತ್ತು ತಿರುಗುವ ಕವಚದ ಗೂಡು, ನಳಿಗೆಯನ್ನು 25 ಡಿಗ್ರಿಯವರೆಗಷ್ಟೇ ಎತ್ತಬಲ್ಲದು. ಆ ಕೋನದಲ್ಲಿ ಭಾರದ ಶೆಲ್ ಸುಮಾರು 23 ಕಿ.ಮೀ. ಹೋಗುತ್ತಿತ್ತು. ನಮ್ಮ ದೃಷ್ಟಿಯಲ್ಲಿ ಇದು ಲಾಭದ ವ್ಯಾಪಾರವೇ. ಮುಂದೆ ಸೋವಿಯತ್ ಕಾಲದಲ್ಲಿ ದೂರದ ಗುರಿಗೆಂದೇ 314 ಕೆ.ಜಿ.ಯ ಹಗುರ ಶೆಲ್ ತಯಾರಿಸಿದರು. ರೈಲಿನ ಮೇಲೆ ಕೂರಿಸಿ 50 ಡಿಗ್ರಿ ಎತ್ತಿದ ಇದೇ ಫಿರಂಗಿ ಅದನ್ನು ಸುಮಾರು 44 ಕಿ.ಮೀ. ಎಸೆಯುತ್ತಿತ್ತು.

ಪ್ರಶ್ನೆ: ಇಷ್ಟು ದೊಡ್ಡ ನಳಿಗೆಯನ್ನು ಒಂದೇ ಉಕ್ಕಿನ ತುಂಡಿನಲ್ಲಿ ಕೊರೆಯುತ್ತಿದ್ದರೇ? ಸವೆದರೆ ಏನು ಮಾಡುತ್ತಿದ್ದರು?

ಉತ್ತರ: ಒಂದೇ ತುಂಡಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸುವುದನ್ನು ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಹಳಿಯನ್ನು ಕಾಯಿಸಿದರೆ ಹಿಗ್ಗುತ್ತದೆ, ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಪೀಟರ್ಸ್‌ಬರ್ಗಿನ ಒಬುಖೋವ್ ಕಾರ್ಖಾನೆಯಲ್ಲೂ ತತ್ವ ಅದೇ. ಒಳಗಿನ ಕೊಳವೆಯ ಮೇಲೆ ಹೊರ ಕೊಳವೆಗಳನ್ನೂ ಬಳೆಗಳನ್ನೂ ಕಾಯಿಸಿ ತೊಡಿಸಿ ತಣಿಸುತ್ತಾರೆ. ಒಳ ಕೊಳವೆ ಸದಾ ಹೊರಗಿನಿಂದ ಅದುಮಿಸಿಕೊಂಡೇ ಇರುತ್ತದೆ. ಮದ್ದು ಉರಿದಾಗ ಅನಿಲದ ಒತ್ತಡ ಮೊದಲು ಈ ಅದುಮನ್ನು ಸಡಿಲಿಸಬೇಕು, ಆಮೇಲಷ್ಟೇ ಉಕ್ಕನ್ನು ಹಿಗ್ಗಿಸಬೇಕು. ಹೊರ ಕೊಳವೆಯ ಒಳ ಅಳತೆ ಕೂದಲೆಳೆಯಷ್ಟು ದೊಡ್ಡದಾದರೂ ಹಿಡಿತ ಇರುವುದಿಲ್ಲ. ಚಿಕ್ಕದಾದರೆ ಅರ್ಧ ದಾರಿಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

ಸವೆತ ಶುರುವಾಗುವುದು ಮದ್ದಿನ ಕೋಣೆಯ ಮುಂದೆ, ಶೆಲ್ಲನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿಗೆರೆಗಳು ಆರಂಭವಾಗುವ ಜಾಗದಲ್ಲಿ. ಒಂದು ಸಲ ಹಾರಿಸಲು ಬೇಕಾದ ಮದ್ದು ಸುಮಾರು 130 ಕೆ.ಜಿ.; ಎರಡು ಅರ್ಧಗಳಾಗಿ ಚೀಲಗಳಲ್ಲಿರುತ್ತದೆ. ಮೊದಲು ಶೆಲ್, ಹಿಂದೆಯೇ ಒಂದು ಅರ್ಧ, ಮತ್ತೊಂದು ಅರ್ಧ. ಆಮೇಲೆ ಬ್ರೀಚ್, ಅಂದರೆ ನಳಿಗೆಯ ಹಿಂಬದಿಯ ಬಾಗಿಲು, ಮುಚ್ಚುತ್ತಾರೆ. ಉರಿಯುವ ಅನಿಲ ಪ್ರತಿ ಸಲವೂ ಗೆರೆಗಳ ಏಣುಗಳನ್ನು ನೆಕ್ಕುತ್ತದೆ. ಗೆರೆ ಸವೆದರೆ ಶೆಲ್‌ನ ತಾಮ್ರದ ಪಟ್ಟಿ ಸರಿಯಾಗಿ ಕಚ್ಚುವುದಿಲ್ಲ, ಅನಿಲ ಪಕ್ಕದಿಂದ ಸೋರುತ್ತದೆ, ವೇಗ ಇಳಿದು ಶೆಲ್ ಗುರಿಗಿಂತ ಹಿಂದೆಯೇ ಬೀಳುತ್ತದೆ. ಒಂದೇ ಟರೆಟ್ಟಿನ ಮೂರು ಫಿರಂಗಿಗಳಲ್ಲಿ ಒಂದು ಹೆಚ್ಚು ಸವೆದಿದ್ದರೆ ಮೂರರ ಶೆಲ್‌ಗಳೂ ಒಂದೆಡೆ ಬೀಳದೆ ಚೆದುರುತ್ತವೆ. ಅದನ್ನು ಸರಿದೂಗಿಸುವುದು ಗುರಿಕಾರನಿಗೆ ನಿಜವಾದ ತಲೆನೋವು.

ಮದ್ದು ತೀರಾ ಸವೆಸಿದ ಮೇಲೆ ಇಡೀ ನಳಿಗೆ ಬದಲಿಸಬೇಕು. ಕಪ್ಪು ಸಮುದ್ರದ ಬಂದರು ಸೆವಾಸ್ತೊಪೋಲ್‌ನ 30ನೇ ಕರಾವಳಿ ಬ್ಯಾಟರಿಯಲ್ಲಿ (ಫಿರಂಗಿ ನೆಲೆಯಲ್ಲಿ) ಇಂಥ ನಾಲ್ಕು ಫಿರಂಗಿಗಳಿದ್ದವು, ಎರಡೆರಡಾಗಿ ಎರಡು ಟರೆಟ್ಟುಗಳಲ್ಲಿ. 1942ರ ಆರಂಭದಲ್ಲಿ ಜರ್ಮನರ ಮುತ್ತಿಗೆಯ ನಡುವೆಯೇ ನಾಲ್ಕನ್ನೂ ಬದಲಿಸಿದರು. ಭಾರಿ ಕ್ರೇನ್ ನಿಲ್ಲಿಸಿದರೆ ಜರ್ಮನರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಜ್ಯಾಕ್ ಮತ್ತು ತೋಳ್ಬಲದಿಂದ ತಲಾ 50 ಟನ್ ಉಕ್ಕನ್ನು ಸರಿಸಿ 16 ದಿನಗಳಲ್ಲಿ ಮುಗಿಸಿದರು. ಈ ಫಿರಂಗಿಯ ಸೇವಾ ಚರಿತ್ರೆಯಲ್ಲಿ ನಾವು ಅತಿ ಹೆಚ್ಚು ಗೌರವಿಸುವ ಕೆಲಸ ಇದು.

ಪ್ರಶ್ನೆ: ಇದೇ ಫಿರಂಗಿಗಳಿದ್ದ ಯುದ್ಧನೌಕೆ ‘ಇಂಪೆರಾತ್ರಿತ್ಸಾ ಮಾರಿಯಾ’ ಸಿಡಿದದ್ದು ಫಿರಂಗಿಯ ದೋಷದಿಂದಲೇ?

ಉತ್ತರ: ಅಲ್ಲ. 1916ರ ಅಕ್ಟೋಬರ್ 20ರ ಬೆಳಗ್ಗೆ ಸೆವಾಸ್ತೊಪೋಲ್ ಬಂದರಿನಲ್ಲಿ ಮುಂಭಾಗದ ಮದ್ದಿನ ಕೋಣೆಗೆ ಬೆಂಕಿ ಬಿತ್ತು. ಹಡಗು ಮಗುಚಿತು, 200ಕ್ಕೂ ಹೆಚ್ಚು ಜನ ಸತ್ತರು. ಕಾರಣ ಕೊನೆಗೂ ನಿರ್ಧಾರವಾಗಲಿಲ್ಲ. ಮದ್ದು ತಾನಾಗಿ ಹೊತ್ತಿಕೊಂಡಿತೇ, ಅಜಾಗರೂಕತೆಯೇ, ಯಾರಾದರೂ ಬೇಕೆಂದೇ ಮಾಡಿದರೇ ಎಂಬುದು ಹಾಗೇ ಉಳಿಯಿತು. ಹೊಗೆರಹಿತ ಮದ್ದು ಕಾಲ ಕಳೆದಂತೆ ನಿಧಾನವಾಗಿ ವಿಘಟನೆಯಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಅದಕ್ಕೇ ಮದ್ದಿನ ಕೋಣೆಯ ಉಷ್ಣತೆಯ ಮೇಲೆ ಸದಾ ಕಣ್ಣಿಡಬೇಕು.

ಮಗುಚಿದಾಗ ಟರೆಟ್ಟುಗಳು ತಮ್ಮ ಭಾರಕ್ಕೆ ಕಳಚಿ ಕೆಸರಿಗೆ ಬಿದ್ದವು. 1930ರ ದಶಕದಲ್ಲಿ ಮುಳುಗುಗಾರರು ಫಿರಂಗಿಗಳನ್ನು ಮೇಲೆತ್ತಿದರು. ಅವುಗಳಲ್ಲಿ ಮೂರನ್ನು ರೈಲಿನ ಮೇಲೆ ಕೂರಿಸಿದ್ದೇ ಟಿ.ಎಂ.-3-12 ಎಂಬ ರೈಲು ಫಿರಂಗಿ.

ಪ್ರಶ್ನೆ: ಫಿನ್ಲೆಂಡಿನಲ್ಲೂ ಇಂಗ್ಲಿಷ್ ಕಾಲುವೆಯ ಗರ್ನ್ಸಿ ದ್ವೀಪದಲ್ಲೂ ಇದೇ ಫಿರಂಗಿ ಇತ್ತು ಎನ್ನುತ್ತಾರೆ. ಅಲ್ಲಿಗೆ ಹೋದದ್ದು ಹೇಗೆ? ಈಗ ಎಲ್ಲಿ ನೋಡಬಹುದು?

ಉತ್ತರ: ‘ಇಂಪೆರಾತೋರ್ ಅಲೆಕ್ಸಾಂದರ್ III’ ಹಡಗಿನ 12 ಫಿರಂಗಿಗಳ ಕಥೆ ಅದು. ರಷ್ಯಾದ ಅಂತರ್ಯುದ್ಧದಲ್ಲಿ ಸೋತ ಬೊಲ್ಶೆವಿಕ್ ವಿರೋಧಿ ಸೇನಾಪತಿ ರ್‍ಯಾಂಗೆಲ್‌ನ ನೌಕಾಪಡೆಯೊಂದಿಗೆ ಹಡಗು ಟ್ಯುನೀಷಿಯಾದ ಬಿಜೆರ್ತ್ ಬಂದರಿಗೆ ಹೋಯಿತು. ಹಡಗನ್ನು ಗುಜರಿಗೆ ಒಡೆದರೂ ಫ್ರೆಂಚರು ಫಿರಂಗಿಗಳನ್ನು ತೆಗೆದಿಟ್ಟುಕೊಂಡಿದ್ದರು. ಸೋವಿಯತ್ ದಾಳಿ ಎದುರಿಸುತ್ತಿದ್ದ ಫಿನ್ಲೆಂಡಿಗೆ ಮೂರು ಹಡಗುಗಳಲ್ಲಿ ತಲಾ ನಾಲ್ಕರಂತೆ ಕಳಿಸಿದರು. ಎಂಟು ತಲುಪಿದವು, ಉಳಿದ ನಾಲ್ಕನ್ನು ಹೊತ್ತ ‘ನೀನಾ’ 1940ರಲ್ಲಿ ನಾರ್ವೆಯಲ್ಲಿ ಜರ್ಮನರಿಗೆ ಸಿಕ್ಕಿಬಿತ್ತು. ಅವರು ಆ ನಾಲ್ಕನ್ನು ರಿಪೇರಿ ಮಾಡಿ ಗರ್ನ್ಸಿಯ ಮೀರುಸ್ ಬ್ಯಾಟರಿಯಲ್ಲಿ ಕೂರಿಸಿದರು. ಮೇಲಿನಿಂದ ನೋಡಿದರೆ ಮನೆಯಂತೆ ಕಾಣುವ ವೇಷವನ್ನೂ ಹಾಕಿದರು. ಯುದ್ಧದ ನಂತರ ಅವು ಗುಜರಿಗೆ ಹೋದವು.

1941ರ ಕೊನೆಯಲ್ಲಿ ಫಿನ್ಲೆಂಡಿನ ಹಾಂಕೋ ನೆಲೆ ಬಿಟ್ಟು ಹೋಗುವಾಗ ಸೋವಿಯತ್ ಪಡೆ ತನ್ನ ಮೂರು ರೈಲು ಫಿರಂಗಿಗಳನ್ನು ಹಾಳುಗೆಡವಿತು. ಫಿನ್ನರು ಅವಕ್ಕೆ ‘ಅಲೆಕ್ಸಾಂದರ್’ನ ನಳಿಗೆಗಳನ್ನೇ ಜೋಡಿಸಿ ಮತ್ತೆ ಎದ್ದು ನಿಲ್ಲಿಸಿದರು. 1944ರ ಕದನವಿರಾಮದ ನಂತರ ಅವು ಸೋವಿಯತ್‌ಗೆ ಮರಳಿದವು.

ನೋಡಬೇಕೆಂದರೆ ರೈಲು ಫಿರಂಗಿ ಮಾಸ್ಕೋದ ಪೊಕ್ಲೋನ್ನಯಾ ಗುಡ್ಡದಲ್ಲೂ ಪೀಟರ್ಸ್‌ಬರ್ಗ್ ಸಮೀಪದ ಕ್ರಾಸ್ನಯಾ ಗೋರ್ಕಾ ಕೋಟೆಯಲ್ಲೂ ಇದೆ. ಹೆಲ್ಸಿಂಕಿ ಎದುರಿನ ಕುಯಿವಾಸಾರಿ ದ್ವೀಪದಲ್ಲಿ ದುರಸ್ತಿ ಮಾಡಿದ ಜೋಡಿ ಟರೆಟ್ಟಿದೆ. ಒಳಹೊಕ್ಕು ನೋಡಲು ವ್ಲಾದಿವಸ್ತೋಕ್ ಬಳಿಯ ರುಸ್ಕಿ ದ್ವೀಪದ ವೊರೊಶಿಲೋವ್ ಬ್ಯಾಟರಿಯೇ ಒಳ್ಳೆಯದು. ಬೆಂಕಿಗೆ ಸಿಕ್ಕಿ ದುರಸ್ತಿಯಾಗದೆ ಉಳಿದ ‘ಪೊಲ್ತಾವಾ’ ಯುದ್ಧನೌಕೆಯ ಎರಡು ಮೂರು-ಫಿರಂಗಿ ಟರೆಟ್ಟುಗಳು ಅಲ್ಲಿವೆ, ಈಗ ಅದು ವಸ್ತುಸಂಗ್ರಹಾಲಯ. ಅಲ್ಲಿ ಕೆಳಗಿಳಿದರೆ ಶೆಲ್ ಮತ್ತು ಮದ್ದು ಯಾವ ದಾರಿಯಲ್ಲಿ ಮೇಲೇರುತ್ತಿದ್ದವು ಎಂಬುದನ್ನು ಮಹಡಿ ಮಹಡಿಯಾಗಿ ನೋಡಬಹುದು.