'ನಾನು' ಅನ್ನುವುದು ಕರಗಿ ಎಲ್ಲವೂ ಒಂದೇ ಅನಿಸುವ ಅನುಭವ ದೇವರನ್ನು ನಂಬದವರಿಗೂ ಆಗುತ್ತದೆಯೇ? ಅದು ಬರೀ ಭ್ರಮೆಯೇ?

ಆಗುತ್ತದೆ. ನನಗೇ ಆಗಿದೆ. ಕಾಲೇಜಿನ ದಿನಗಳಿಂದಲೂ ನಾನು ದೇವರನ್ನು ನಂಬಿದವನಲ್ಲ, ಇವತ್ತಿಗೂ ನಂಬುವುದಿಲ್ಲ.

ಅಮ್ಮ ಆಸ್ಪತ್ರೆಯಲ್ಲಿದ್ದರು. ಮೂರನೇ ರಾತ್ರಿ. ನಿದ್ದೆ ಬಾರದೆ ಡ್ರಿಪ್‌ನಲ್ಲಿ ಹನಿ ಬೀಳುವುದನ್ನೇ ಸುಮ್ನೆ ನೋಡುತ್ತಾ ಕೂತಿದ್ದೆ. ಹನಿ ತುಂಬಿಕೊಂಡು, ಸ್ವಲ್ಪ ಜೋತಾಡಿ, ಉದುರುತ್ತಿತ್ತು. ಮತ್ತೊಂದು ತುಂಬುತ್ತಿತ್ತು. ಎಷ್ಟು ಹೊತ್ತಾಯಿತೋ, ನೋಡುತ್ತಿದ್ದ 'ನಾನು' ಅನ್ನುವುದೇ ಇಲ್ಲವಾಯಿತು. ಹನಿ ಇತ್ತು, ಅಮ್ಮನ ಉಸಿರಿತ್ತು, ಪಕ್ಕದ ಹಾಸಿಗೆಯ ಕೆಮ್ಮಿತ್ತು, ಯಾವುದೂ ಬೇರೆ ಬೇರೆ ಅನಿಸಲಿಲ್ಲ, ಮೂರು ದಿನದಿಂದ ಎದೆಯಲ್ಲಿ ಕೂತಿದ್ದ ಭಯ ಎಲ್ಲೂ ಇರಲಿಲ್ಲ. ನರ್ಸ್ ಬಂದು ಬಾಟಲಿ ಬದಲಿಸಿದರು. ಅಷ್ಟಕ್ಕೇ ಹೋಯಿತು.

ಆಮೇಲೆ ಓದಿದೆ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲೇ ಇದಕ್ಕೆ ನಾಲ್ಕು ಗುರುತು ಹೇಳಿದ್ದಾರೆ: ಮಾತಿಗೆ ಸಿಗುವುದಿಲ್ಲ, ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ನಾವು ಮಾಡಿದ್ದಲ್ಲ ತಾನಾಗಿ ಆಗಿದ್ದು ಅನಿಸುತ್ತದೆ, ಏನೋ ದೊಡ್ಡ ನಿಜ ತಿಳಿಯಿತು ಅನಿಸುತ್ತದೆ. ಈ ಪಟ್ಟಿಯಲ್ಲಿ ದೇವರಿಲ್ಲ ನೋಡಿ. 1927ರಲ್ಲಿ ಫ್ರೆಂಚ್ ಲೇಖಕ ರೊಮೈನ್ ರೋಲಾ, ಮನೋವಿಶ್ಲೇಷಕ ಫ್ರಾಯ್ಡ್‌ಗೆ ಬರೆದ ಪತ್ರದಲ್ಲಿ ಇದನ್ನು ಕಡಲಿನಂಥ ಭಾವನೆ ಎಂದು ಕರೆದರು. ಯಾವ ಮತವನ್ನೂ ನಂಬದೆ ಇದು ಇರಬಹುದು ಎಂಬುದು ಅವರ ಮಾತು. ಫ್ರಾಯ್ಡ್ ಮಾತ್ರ ತನ್ನೊಳಗೆ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ ಎಂದರು. ಹಾಗಾಗಿ ನಿಮಗೆ ಆಗಿಲ್ಲವೆಂದರೆ ನಿಮ್ಮಲ್ಲೇನೋ ಕೊರತೆ ಅಂದುಕೊಳ್ಳಬೇಡಿ.

ಭ್ರಮೆಯೇ ಅಂದರೆ, ಆಗಿದ್ದು ಖಂಡಿತ ಭ್ರಮೆಯಲ್ಲ. ವರ್ಷಗಟ್ಟಲೆ ಧ್ಯಾನ ಮಾಡಿದವರು ಧ್ಯಾನದಲ್ಲಿರುವಾಗ, ತನ್ನ ಬಗ್ಗೆ ಯೋಚಿಸುವಾಗ ಚುರುಕಾಗುವ ಮೆದುಳಿನ ಭಾಗಗಳು ತಣ್ಣಗಿರುವುದು 2011ರ ಒಂದು ಸ್ಕ್ಯಾನಿಂಗ್ ಅಧ್ಯಯನದಲ್ಲಿ ಕಂಡಿದೆ. 'ನಾನು' ಸಡಿಲವಾಗುವುದು ದೇಹದೊಳಗೇ ನಡೆಯುವ ಸಂಗತಿ. ಎಚ್ಚರ ಬೇಕಾಗಿರುವುದು ಆ ನಾಲ್ಕನೇ ಗುರುತಿನಲ್ಲಿ. ನಿಜ ತಿಳಿಯಿತು ಅನಿಸುವುದೇ ಬೇರೆ, ತಿಳಿಯುವುದೇ ಬೇರೆ, ಅಲ್ವಾ? ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ಜಗತ್ತು ಹೀಗೇ ಇದೆ ಎಂದು ಹೇಳಲು ಶುರುಮಾಡುತ್ತೇವೆ. ಆ ಹೆಜ್ಜೆ ನಾನಿಡುವುದಿಲ್ಲ.

ಅಮ್ಮ ಹುಷಾರಾಗಿ ಮನೆಗೆ ಬಂದ ಮೇಲೆ ದೊಡ್ಡಮ್ಮನಿಗೆ ಇದನ್ನು ಹೇಳಿದೆ. "ದೇವರೇ ಬಂದು ಪಕ್ಕದಲ್ಲಿ ಕೂತಿದ್ದ ಕಣೋ" ಅಂದರು. ವಾದ ಮಾಡಲಿಲ್ಲ. ಅವರು ಹೇಳುತ್ತಿದ್ದುದೂ ಬಹುಶಃ ಅದೇ ಶಾಂತಿಯ ಬಗ್ಗೆ, ಹೆಸರು ಮಾತ್ರ ಅವರದ್ದು.

ಈಗ ದಿನಾ ಬೆಳಿಗ್ಗೆ 20 ನಿಮಿಷ ಉಸಿರು ನೋಡುತ್ತಾ ಕೂರುತ್ತೇನೆ. ಆ ರಾತ್ರಿಯಂಥದ್ದು ಮತ್ತೆ ಬಂದಿಲ್ಲ. ಒಂದೆರಡು ಸಲ ಮಾತ್ರ ಉಸಿರು ಆ ಹನಿಯ ಹಾಗೆಯೇ ತುಂಬಿಕೊಂಡು, ಸ್ವಲ್ಪ ನಿಂತು, ಉದುರಿದ್ದು ಕಂಡಿದೆ.